ಅದೇ ಸೌತೆಕಾಯಿ, ಕಡುಬಿನಲ್ಲಿ

ಮೂರು ವರ್ಷದ ಹಿಂದಿನ ಭೂಮಿ ಹುಣ್ಣಿಮೆ. ತೀರ್ಥಹಳ್ಳಿ ಹತ್ತಿರದ ನಮ್ಮ ಊರಲ್ಲಿ ರಾತ್ರಿಯಿಡೀ ಅಡುಗೆ ನಡೆದಿತ್ತು. ಬೆಳಕು ಹರಿಯುವ ಮೊದಲೇ ಭೂಮಣ್ಣಿ ಬುಟ್ಟಿ ಹೊತ್ತು ಗದ್ದೆಗೆ ಹೋದೆವು. ಚರಗ ಬೀರಿ, ಪೂಜೆ ಮುಗಿಸಿ, ಬದುವಿನ ಪಕ್ಕ ಬಾಳೆ ಎಲೆ ಹಾಕಿಕೊಂಡು ಊಟಕ್ಕೆ ಕೂತೆವು. ಭತ್ತ ಹೊಡೆ ತುಂಬಿ ನಿಂತಿತ್ತು. ಅಲ್ಲೊಂದು ಇಲ್ಲೊಂದು ತೆನೆ ಹೊರಗೆ ಇಣುಕಿತ್ತು. ಬದುವಿನ ತುಂಬ ಹುಲ್ಲು ಹೂ ಬಿಟ್ಟಿತ್ತು. ಹನ್ನೊಂದು ವರ್ಷದ ನನ್ನ ಮಗಳು ಬಂದಾಗಿನಿಂದ ಸೀನುತ್ತಲೇ ಇದ್ದಳು. ಕಣ್ಣು ಉಜ್ಜಿ ಉಜ್ಜಿ ಕೆಂಪಾಗಿತ್ತು.

ಅವಳ ಎಲೆಯಲ್ಲಿ ಕೋಸಂಬರಿ ಹಾಗೇ ಉಳಿದಿತ್ತು. ಮುಳ್ಳುಸೌತೆ ಹೆಚ್ಚಿ ಹಾಕಿದ ಹೆಸರುಬೇಳೆ ಕೋಸಂಬರಿ. "ಬಾಯಿ ನವೆ ಆಗುತ್ತೆ ಅಜ್ಜಿ, ಬೇಡ" ಅಂದಳು. ಆದರೆ ಸೌತೆಕಾಯಿ ಕಡುಬನ್ನು ಮಾತ್ರ ಒಂದಾದ ಮೇಲೆ ಒಂದು ತಿಂದಳು. ಅಕ್ಕಿ ತರಿಗೆ ಸೌತೆಕಾಯಿ ತುರಿದು ಕಲಸಿ, ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ ಕಡುಬು. ಮೂರನೆಯದಕ್ಕೆ ತುಪ್ಪ ಹಾಕುತ್ತಾ ಅತ್ತೆ ನನ್ನ ಕಡೆ ತಿರುಗಿದರು.

"ಅಲ್ಲ ಮಾರಾಯ್ತಿ, ಕಡುಬಿಗೂ ಅದೇ ಬಳ್ಳಿ ಸೌತೆಕಾಯಿ ಅಲ್ವಾ? ಹಸಿದಾದ್ರೆ ಬಾಯಿ ಕೆರೆಯುತ್ತೆ, ಬೇಯಿಸಿದ್ರೆ ಏನೂ ಆಗಲ್ಲ ಅಂದ್ರೆ ಏನು ಕಥೆ?"

ನಾನು ಸುಮ್ನೆ ಹೂಂ ಅಂದು ಬಿಟ್ಟೆ. ಆ ಪ್ರಶ್ನೆಯ ಬೆಲೆ ನನಗೆ ಗೊತ್ತಾಗಲು ಒಂದೂವರೆ ವರ್ಷ ಹಿಡಿಯಿತು. ಅಷ್ಟರಲ್ಲಿ ಅಲರ್ಜಿ ಪರೀಕ್ಷೆಯ ಒಂದು ಹಾಳೆ ನಂಬಿ ಮಗು ಪಡಬಾರದ ಕಷ್ಟ ಪಟ್ಟಿತ್ತು. ಈ ಬರಹ ಅದಕ್ಕೇ.

ನಮ್ಮ ಮಲೆನಾಡಿನಲ್ಲಿ ಬಾಯಿ ಕೆರೆತ ಅಂದರೆ ಯಾರೂ ಬೆಚ್ಚಿ ಬೀಳುವುದಿಲ್ಲ. ಕೆಸುವಿನ ಜೊತೆ ಬೆಳೆದವರು ನಾವು. ಪತ್ರೊಡೆಗೆ ಹುಳಿ ಕಡಿಮೆಯಾದರೆ ಮನೆಮಂದಿಗೆಲ್ಲ ನಾಲಿಗೆ ಚುರುಗುಟ್ಟುತ್ತದೆ. ಅದು ಅಲರ್ಜಿ ಅಲ್ಲ. ಕೆಸುವಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಅವು ಚುಚ್ಚುತ್ತವೆ. ಯಾರು ತಿಂದರೂ ಚುಚ್ಚುತ್ತವೆ. ಮಾವಿನ ಸೊನೆ ತಾಗಿ ತುಟಿ ಸುಡುವುದು ಇನ್ನೊಂದು ಬಗೆ. ಅದು ಚರ್ಮದ್ದು, ಒಂದೆರಡು ದಿನ ಬಿಟ್ಟು ಬೊಕ್ಕೆ ಏಳುತ್ತದೆ. ಇವೆಲ್ಲದರ ನಡುವೆ ಒಬ್ಬ ಹುಡುಗಿಗೆ ಸೌತೆಕಾಯಿ ತಿಂದರೆ ನವೆ ಅಂದರೆ, ಕೆಸುವಿನ ಲೆಕ್ಕಕ್ಕೇ ಸೇರಿಸಿಬಿಡುತ್ತೇವೆ. ವ್ಯತ್ಯಾಸ ಏನು ಅಂದರೆ, ಸೌತೆಕಾಯಿ ಅವಳೊಬ್ಬಳಿಗೇ ಕೆರೆಯುತ್ತಿತ್ತು. ಆಮೇಲೆ ಬಾಳೆಹಣ್ಣಿಗೂ ಶುರುವಾಯಿತು. ಕರಬೂಜಕ್ಕೆ. ಹಸಿ ಟೊಮೇಟೊಗೆ. ತುಟಿ, ನಾಲಿಗೆ, ಗಂಟಲು, ಕೆಲವೊಮ್ಮೆ ಕಿವಿಯ ಒಳಗೆ ಕೂಡ. ಇಪ್ಪತ್ತು ನಿಮಿಷಕ್ಕೆ ತಾನಾಗಿ ಹೋಗುತ್ತಿತ್ತು.

ಹುಣ್ಣಿಮೆ ಕಳೆದು ಎರಡು ತಿಂಗಳಿಗೆ ಒಂದು ಲ್ಯಾಬಿನಲ್ಲಿ ರಕ್ತ ಕೊಟ್ಟೆವು. "ಫುಲ್ ಅಲರ್ಜಿ ಪ್ಯಾನೆಲ್ ಮಾಡಿಸಿಬಿಡಿ, ಒಂದೇ ಸಲಕ್ಕೆ ಗೊತ್ತಾಗುತ್ತೆ" ಅಂದಿದ್ದರು. ಬಂದ ರಿಪೋರ್ಟಿನಲ್ಲಿ ಇಪ್ಪತ್ತೊಂದು ಆಹಾರಕ್ಕೆ ಪಾಸಿಟಿವ್. ಅಕ್ಕಿ, ಗೋಧಿ, ಶೇಂಗಾ, ಎಳ್ಳು, ಸೋಯಾ, ಬದನೆ, ಟೊಮೇಟೊ, ಬಾಳೆಹಣ್ಣು, ಕ್ಯಾರೆಟ್, ಕಿತ್ತಳೆ... ಕೊನೆಯಲ್ಲಿ ಒಂದು ಸಾಲು: ಮೇಲಿನ ಎಲ್ಲವನ್ನೂ ಬಿಡುವುದು.

ಅಕ್ಕಿ ಬಿಟ್ಟು ಮಲೆನಾಡಿನ ಮನೆಯಲ್ಲಿ ಮಗು ಏನು ತಿನ್ನಬೇಕು? ಅತ್ತೆ ಆ ಪಟ್ಟಿ ಓದಿಸಿ ಕೇಳಿ, "ನಮ್ಮ ಕಾಲದ ನಂಜಿನ ಪಟ್ಟಿನೂ ಇಷ್ಟು ಉದ್ದ ಇರಲಿಲ್ಲ" ಅಂದರು. ನಿಜ. ಬಾಣಂತಿಗೆ ಬದನೆ ಬೇಡ, ಗಾಯ ಆದವರಿಗೆ ಕುಂಬಳ ಬೇಡ ಅನ್ನುವ ನಂಜಿನ ಪಥ್ಯಕ್ಕೆ ಒಂದು ಮುಗಿಯುವ ದಿನ ಇರುತ್ತದೆ. ನಮ್ಮ ಕೈಲಿದ್ದ ಹಾಳೆಗೆ ಅದು ಇರಲಿಲ್ಲ. ಎಂಟು ತಿಂಗಳು ನಾನು ಅದನ್ನು ಅಕ್ಷರಕ್ಷರ ಪಾಲಿಸಿದೆ. ರಾಗಿ, ಹಾಲು, ಬೇಯಿಸಿದ ಒಂದೆರಡು ತರಕಾರಿ. ಮಗಳು ನಾಲ್ಕು ಕಿಲೋ ಇಳಿದಳು. ಶಾಲೆಯಲ್ಲಿ ಯಾರದ್ದಾದರೂ ಹುಟ್ಟುಹಬ್ಬ ಅಂದರೆ ಆ ದಿನ ತಲೆನೋವು ಅಂದು ಮನೆಯಲ್ಲೇ ಉಳಿಯುತ್ತಿದ್ದಳು. ಅವಳಿಗೆ ತಲೆನೋವು ಇರಲಿಲ್ಲ ಅಂತ ನನಗೆ ಗೊತ್ತಿತ್ತು.

ಆ ರಿಪೋರ್ಟ್ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ಅಳೆದದ್ದು ಒಂದು, ನಾವು ಓದಿಕೊಂಡದ್ದು ಇನ್ನೊಂದು. ಅಲರ್ಜಿಗೆ ಕಾರಣವಾಗುವ ಐಜಿಇ ಅನ್ನುವ ಪ್ರತಿಕಾಯವನ್ನು ಅಮೆರಿಕದಲ್ಲಿ ಇಶಿಜಾಕಾ ದಂಪತಿ, ಸ್ವೀಡನ್ನಿನಲ್ಲಿ ಯೊಹಾನ್ಸನ್ ಮತ್ತು ಬೆನಿಶ್ 1966-67ರ ಸುಮಾರಿಗೆ ಬೇರೆ ಬೇರೆಯಾಗಿ ಗುರುತಿಸಿದರು. 1968ರಲ್ಲಿ ಅದಕ್ಕೆ ಆ ಹೆಸರು ಬಂತು. ಆಮೇಲೆ ಬಂದ ರಕ್ತ ಪರೀಕ್ಷೆಗಳೆಲ್ಲ ಕೇಳುವುದು ಒಂದೇ: ಈ ರಕ್ತದಲ್ಲಿ ಶೇಂಗಾಕ್ಕೆ ಅಂಟುವ ಐಜಿಇ ಇದೆಯಾ? ಇದೆ ಅಂದರೆ ಪಾಸಿಟಿವ್. ಆದರೆ ಐಜಿಇ ಇದ್ದವರಿಗೆಲ್ಲ ತಿಂದಾಗ ತೊಂದರೆ ಆಗುವುದಿಲ್ಲ. ನಮ್ಮ ಕರ್ನಾಟಕದ ವಯಸ್ಕರ ಮೇಲೆಯೇ ನಡೆದ ಯೂರೋಪ್ರಿವಾಲ್ ಅನ್ನುವ ಆಹಾರ ಅಲರ್ಜಿಯ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಶೇಕಡಾ 26.5 ಜನರ ರಕ್ತದಲ್ಲಿ ಒಂದಲ್ಲ ಒಂದು ಆಹಾರಕ್ಕೆ ಐಜಿಇ ಇತ್ತು. ತಿಂದರೆ ತೊಂದರೆಯೂ ಆಗುತ್ತದೆ, ಐಜಿಇ ಕೂಡ ಇದೆ ಅನ್ನುವಂಥವರು ಶೇಕಡಾ 1.2 ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ನನ್ನ ಮಗಳಂಥ ಎಷ್ಟು ಮಕ್ಕಳು ಬರೀ ರಾಗಿ ಗಂಜಿ ಕುಡಿಯುತ್ತಾ ಕೂತಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಕೊನೆಗೆ ಬೆಂಗಳೂರಿನ ಒಬ್ಬ ಅಲರ್ಜಿ ತಜ್ಞರ ಹತ್ತಿರ ಹೋದೆವು. ಫೋನಿನಲ್ಲೇ ಅವರು ಎರಡು ಮಾತು ಹೇಳಿದ್ದರು. ಒಂದು, ಸೀನಿನ ಮಾತ್ರೆ ಒಂದು ವಾರ ನಿಲ್ಲಿಸಿ ಬನ್ನಿ, ಇಲ್ಲದಿದ್ದರೆ ಚರ್ಮದ ಪರೀಕ್ಷೆ ಸರಿ ಬರುವುದಿಲ್ಲ. ಎರಡು, ಮಗು ಯಾವುದನ್ನು ತಿಂದಾಗ ನವೆ ಅನ್ನುತ್ತದೋ ಅದನ್ನೇ ತನ್ನಿ. ಹಾಗಾಗಿ ನಮ್ಮ ಹಿತ್ತಲಿನ ಎರಡು ಮುಳ್ಳುಸೌತೆ, ಒಂದು ಪುಟ್ಟಬಾಳೆ ಚಿಪ್ಪು ಚೀಲದಲ್ಲಿ ಹಾಕಿಕೊಂಡು ರಾತ್ರಿ ಬಸ್ಸು ಹತ್ತಿದೆವು.

ಡಾಕ್ಟರು ಮೊದಲ ಮುಕ್ಕಾಲು ಗಂಟೆ ಬರೀ ಕೇಳಿದರು. ಸೀನು ಯಾವ ತಿಂಗಳಲ್ಲಿ ಜಾಸ್ತಿ? ಹಸಿಯಾಗಿ ತಿಂದಾಗ ಏನಾಗುತ್ತೆ, ಬೇಯಿಸಿದ್ದು ತಿಂದಾಗ? ಬಾಯಿ ಬಿಟ್ಟು ಬೇರೆ ಕಡೆ ಯಾವತ್ತಾದರೂ ಆಗಿದೆಯಾ, ಮೈಮೇಲೆ ಗಂಧೆ, ವಾಂತಿ, ಉಸಿರು ಕಟ್ಟುವುದು? ಆಗ ನನಗೆ ಕಡುಬು ನೆನಪಾಯಿತು. ಅತ್ತೆ ಹೇಳಿದ್ದನ್ನು ಹೇಳಿದೆ. ಅವರು ಬರೆಯುವುದು ನಿಲ್ಲಿಸಿ, "ಅವರು ಅರ್ಧ ಡಯಾಗ್ನೋಸಿಸ್ ಮಾಡಿಬಿಟ್ಟಿದ್ದಾರೆ" ಅಂದರು. ಆಮೇಲೆ ಸಣ್ಣ ಸೂಜಿಯನ್ನು ಸೌತೆಕಾಯಿಗೆ ಚುಚ್ಚಿ, ಅದೇ ಸೂಜಿಯನ್ನು ಮಗಳ ಮುಂಗೈಗೆ ಮೆಲ್ಲಗೆ ಚುಚ್ಚಿದರು. ಹದಿನೈದು ನಿಮಿಷಕ್ಕೆ ಅಲ್ಲಿ ಸೊಳ್ಳೆ ಕಚ್ಚಿದಂಥ ಬೆಳ್ಳನೆಯ ಗಂಧೆ ಎದ್ದಿತು. ಸುತ್ತಲೂ ಕೆಂಪು. ಸ್ಕೇಲ್ ಇಟ್ಟು ಅಳೆದರು, ಐದು ಮಿಲಿಮೀಟರ್. ಬಾಳೆಹಣ್ಣಿಗೆ ನಾಲ್ಕು. ಗರಿಕೆ ಹುಲ್ಲಿನ ಪರಾಗಕ್ಕೆ ಒಂಬತ್ತು.

ಗರಿಕೆ! ಗಣಪತಿಗೆ ಅವಳೇ ಅಂಗಳದಲ್ಲಿ ಕೂತು ಆರಿಸುತ್ತಿದ್ದ ಗರಿಕೆ.

ಮಾಲಿಕ್ಯುಲರ್ ಪರೀಕ್ಷೆಗೆ ರಕ್ತ ತೆಗೆದದ್ದು ಆಮೇಲೆ. ಇದರ ಕೆಲಸ ಹೇಗೆ ಅಂತ ಅವರು ಬಿಡಿಸಿ ಹೇಳಿದ್ದನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಹಳೆಯ ಪರೀಕ್ಷೆ ಇಡೀ ಶೇಂಗಾವನ್ನು ಅರೆದು ರಸ ಮಾಡಿ ಅದಕ್ಕೆ ರಕ್ತ ಹಾಕುತ್ತದೆ. ಆ ರಸದಲ್ಲಿ ಹತ್ತಾರು ಪ್ರೊಟೀನ್ ಇರುತ್ತವೆ. ಐಜಿಇ ಯಾವುದಕ್ಕೆ ಅಂಟಿತು ಅಂತ ಗೊತ್ತಾಗುವುದಿಲ್ಲ. ಹೊಸದು ಆ ಪ್ರೊಟೀನುಗಳನ್ನು ಒಂದೊಂದಾಗಿ ಬಿಡಿಸಿ ಚಿಪ್ ಅನ್ನುವ ಪುಟ್ಟ ಬಿಲ್ಲೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತದೆ. ಕೆಲವೇ ಹನಿ ರಕ್ತದಲ್ಲಿ ನೂರಾರು ಚುಕ್ಕಿಗಳನ್ನು ಒಟ್ಟಿಗೆ ನೋಡಬಹುದು. ಪ್ರತಿಯೊಂದಕ್ಕೂ ಒಂದು ಹೆಸರು. ಗಿಡದ ಲ್ಯಾಟಿನ್ ಹೆಸರಿನ ಮೊದಲ ಅಕ್ಷರಗಳು, ಪಕ್ಕದಲ್ಲಿ ಒಂದು ಸಂಖ್ಯೆ. ಅರಾಕಿಸ್ ಹೈಪೋಜಿಯಾ ಅಂದರೆ ಶೇಂಗಾ, ಹಾಗಾಗಿ ಅರಾ ಎಚ್ 1, ಅರಾ ಎಚ್ 2. ಗರಿಕೆ ಸೈನೋಡಾನ್ ಡ್ಯಾಕ್ಟಿಲಾನ್, ಅದರ ಮುಖ್ಯ ಪ್ರೊಟೀನ್ ಸಿನ್ ಡಿ 1. 1989ರಲ್ಲಿ ವಿಯೆನ್ನಾದ ವಿಜ್ಞಾನಿಗಳು ಬರ್ಚ್ ಮರದ ಪರಾಗದ ಬೆಟ್ ವಿ 1 ಅನ್ನುವ ಪ್ರೊಟೀನಿನ ಜೀನನ್ನು ಕ್ಲೋನ್ ಮಾಡಿದ ಮೇಲೆ ಈ ದಾರಿ ತೆರೆಯಿತು. ಯುರೋಪಿನಲ್ಲಿ ಬರ್ಚ್ ಅಲರ್ಜಿ ಇರುವವರಿಗೆ ಸೇಬು ತಿಂದರೆ ಬಾಯಿ ತುರಿಸುವುದು ಯಾಕೆ ಅಂತ ಅದರಿಂದ ಗೊತ್ತಾಯಿತು. ಸೇಬಿನಲ್ಲಿ ಅದೇ ಮನೆತನದ ಪ್ರೊಟೀನ್ ಇದೆ, ಮಾಲ್ ಡಿ 1. ಐಜಿಇ ಒಂದನ್ನು ನೋಡಿ ಇನ್ನೊಂದು ಅಂದುಕೊಳ್ಳುತ್ತದೆ.

ನಮ್ಮ ಮಲೆನಾಡಿನಲ್ಲಿ ಬರ್ಚ್ ಇಲ್ಲ. ಮಗಳಿಗೆ ಬೆಟ್ ವಿ 1 ಸೊನ್ನೆ. ಅವಳ ಹಾಳೆಯಲ್ಲಿ ಜೋರಾಗಿದ್ದದ್ದು ಮೂರೇ ಸಾಲು.

ಮೊದಲನೆಯದು ಸಿನ್ ಡಿ 1 ಮತ್ತು ಅದರಂಥ ಹುಲ್ಲಿನ ಪ್ರೊಟೀನುಗಳು. ಅಂದರೆ ಹುಲ್ಲಿನ ಪರಾಗಕ್ಕೆ ಅವಳಿಗೆ ನಿಜವಾದ ಅಲರ್ಜಿ. ಮಳೆ ಹಿಂದೆ ಸರಿದು ಹುಲ್ಲು ಹೂ ಬಿಡುವಾಗ ಸೀನು ಯಾಕೆ ಏರುತ್ತಿತ್ತು ಅನ್ನುವುದಕ್ಕೆ ಉತ್ತರ ಇಲ್ಲಿತ್ತು.

ಎರಡನೆಯದು ಪ್ರೊಫಿಲಿನ್. ನಾನು ತಡೆದು ನಿಂತು ಹೇಳಬೇಕಾದದ್ದು ಇದನ್ನೇ. ಪ್ರೊಫಿಲಿನ್ ಅಂದರೆ ಜೀವಕೋಶದ ಒಳಗಿನ ಹಂದರವನ್ನು ಕಟ್ಟಲು, ಬಿಚ್ಚಲು ಬೇಕಾಗುವ ಸಣ್ಣ ಪ್ರೊಟೀನ್. ಇದು ಇಲ್ಲದ ಗಿಡವೇ ಇಲ್ಲ. ಗರಿಕೆಯಲ್ಲಿದೆ, ಸೌತೆಯಲ್ಲಿದೆ, ಬಾಳೆಯಲ್ಲಿದೆ, ಟೊಮೇಟೊದಲ್ಲಿದೆ, ಅಕ್ಕಿಯಲ್ಲಿದೆ. ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಥರ. ಅದು ಪರಾಗದಲ್ಲಿ ಅಲರ್ಜಿ ತರುತ್ತದೆ ಅಂತ ತಿಳಿದದ್ದು 1991ರಲ್ಲಿ, ಅದೂ ವಿಯೆನ್ನಾದವರಿಂದಲೇ. ಹುಲ್ಲಿನ ಪ್ರೊಫಿಲಿನ್‌ಗೆ ಒಮ್ಮೆ ಐಜಿಇ ಹುಟ್ಟಿತು ಅಂದರೆ ಗಿಡದಿಂದ ಬಂದ ಯಾವ ಆಹಾರದ ಪರೀಕ್ಷೆ ಮಾಡಿದರೂ ಪಾಸಿಟಿವ್ ಬರಬಹುದು. ನಮ್ಮ ಇಪ್ಪತ್ತೊಂದರ ಪಟ್ಟಿ ಬೆಳೆದದ್ದು ಹೀಗೆ. ಆದರೆ ಈ ಪ್ರೊಟೀನಿಗೆ ಗಟ್ಟಿತನ ಇಲ್ಲ. ಶಾಖ ತಾಗಿದರೆ ಅದರ ಮಡಿಕೆ ಬಿಚ್ಚಿಹೋಗುತ್ತದೆ. ಹೊಟ್ಟೆಯ ರಸ ತಾಗಿದರೂ ಕರಗಿಹೋಗುತ್ತದೆ. ಹಸಿ ಸೌತೆ ಅಗಿಯುವಾಗ ಬಾಯಲ್ಲಿ ನವೆ, ನುಂಗಿದ ಮೇಲೆ ಏನಿಲ್ಲ. ಕಡುಬಿನಲ್ಲಿ ಅರ್ಧ ಗಂಟೆ ಹಬೆಯಲ್ಲಿ ಬೆಂದ ಸೌತೆಯಲ್ಲಿ ಐಜಿಇಗೆ ಗುರುತು ಹತ್ತುವಂಥದ್ದು ಏನೂ ಉಳಿದಿರುವುದಿಲ್ಲ. ಅತ್ತೆಯ ಪ್ರಶ್ನೆಗೆ ಉತ್ತರ ಇಷ್ಟೇ.

ಮೂರನೆಯ ಸಾಲು ಸಿಸಿಡಿ ಅನ್ನುವುದು. ಗಿಡಗಳ ಪ್ರೊಟೀನಿಗೆ ಅಂಟಿಕೊಂಡ ಸಕ್ಕರೆಯ ಸರಪಳಿ. ಇದಕ್ಕೂ ಐಜಿಇ ಅಂಟುತ್ತದೆ, ರಿಪೋರ್ಟಿನಲ್ಲಿ ಪಾಸಿಟಿವ್ ಕಾಣುತ್ತದೆ, ಸಾಮಾನ್ಯವಾಗಿ ಮೈಗೆ ಏನೂ ಆಗುವುದಿಲ್ಲ. ಅಕ್ಕಿ, ಗೋಧಿಯ ಪಾಸಿಟಿವ್‌ನಲ್ಲಿ ಇದರ ಪಾಲೂ ಇತ್ತು. ಎಂಟು ತಿಂಗಳು ಮಗು ಅನ್ನ ಬಿಟ್ಟದ್ದು ಇದಕ್ಕೆ.

ಶೇಂಗಾದ ಅರಾ ಎಚ್ 1, 2, 3, 6 ನಾಲ್ಕೂ ಸೊನ್ನೆ. ಪೀಚ್ ಹಣ್ಣಿನ ಪ್ರೂ ಪಿ 3 ಸೊನ್ನೆ. ನಾವು ಪೀಚ್ ತಿನ್ನುವುದಿಲ್ಲವಲ್ಲ ಅಂತ ಕೇಳಿದೆ. ಅದು ಎಲ್‌ಟಿಪಿ ಅನ್ನುವ ಇನ್ನೊಂದು ಮನೆತನದ ಗುರುತು ಅಂದರು. ಆ ಮನೆತನದವು ದ್ರಾಕ್ಷಿ, ಟೊಮೇಟೊ, ಮೆಕ್ಕೆಜೋಳ, ಶೇಂಗಾದಲ್ಲೂ ಇವೆ. ಅವು ಬೇಯಿಸಿದರೂ ಸಾಯುವುದಿಲ್ಲ, ಹೊಟ್ಟೆಯಲ್ಲೂ ಕರಗುವುದಿಲ್ಲ. ಹಣ್ಣಿನ ಸಿಪ್ಪೆಯಲ್ಲಿ ಜಾಸ್ತಿ. ತಿಂದು ಓಡಿದರೆ ಅಥವಾ ನೋವಿನ ಮಾತ್ರೆ ನುಂಗಿದ್ದರೆ ಇನ್ನೂ ಜೋರಾಗಬಹುದು. ಅದು ಪಾಸಿಟಿವ್ ಬಂದಿದ್ದರೆ ಬೇಯಿಸಿ ಕೊಡಿ ಅನ್ನುವ ಮಾತೇ ಇರುತ್ತಿರಲಿಲ್ಲ.

ಅಷ್ಟಾದರೂ ಹಾಳೆ ನೋಡಿ ಶೇಂಗಾ ತಿನ್ನಲು ಬಿಡಲಿಲ್ಲ. ಇನ್ನೊಂದು ದಿನ ಆಸ್ಪತ್ರೆಯಲ್ಲೇ ಕೂರಿಸಿ, ಹುರಿದ ಶೇಂಗಾದ ಒಂದು ಚೂರಿನಿಂದ ಶುರು ಮಾಡಿ, ಅರ್ಧ ಅರ್ಧ ಗಂಟೆಗೆ ಹೆಚ್ಚಿಸುತ್ತಾ ಹೋದರು. ಪಕ್ಕದಲ್ಲಿ ಇಂಜೆಕ್ಷನ್ ತಯಾರಿತ್ತು. ಕೊನೆಗೆ ಒಂದು ಹಿಡಿ. ಏನೂ ಆಗಲಿಲ್ಲ. ಮಗಳು ಖಾಲಿ ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ನಾನು ಕಾರಿಡಾರಿಗೆ ಹೋಗಿ ಅತ್ತುಬಿಟ್ಟೆ.

ಈ ಕಥೆ ಇಲ್ಲಿಗೇ ಮುಗಿದಿದ್ದರೆ "ಪಾಸಿಟಿವ್ ಬಂದ್ರೆ ತಲೆಕೆಡಿಸ್ಕೋಬೇಡಿ" ಅಂತ ನಾನೂ ಹೇಳುತ್ತಿದ್ದೆನೇನೋ. ಅದು ದೊಡ್ಡ ತಪ್ಪಾಗುತ್ತಿತ್ತು.

ನನ್ನ ಮೈದುನನ ಮಗನಿಗೆ ಈಗ ಆರು ವರ್ಷ. ಅವನಿಗೆ ನಾಲ್ಕಾಗಿದ್ದಾಗ ಒಂದು ತುಂಡು ಚಿಕ್ಕಿ ತಿಂದು ಹತ್ತು ನಿಮಿಷಕ್ಕೆ ವಾಂತಿ, ಮೈಯೆಲ್ಲ ಗಂಧೆ, ಉಸಿರಿನಲ್ಲಿ ಸುಯ್ ಸುಯ್. ಆಷಾಢದ ಮಳೆ. ಊರಿಂದ ತೀರ್ಥಹಳ್ಳಿಗೆ ಹದಿನಾಲ್ಕು ಕಿಲೋಮೀಟರ್, ಜೀಪಿನಲ್ಲಿ ಮಗುವಿನ ತುಟಿ ನೋಡುತ್ತಾ ಕೂತ ಆ ದಾರಿ ನನ್ನ ವಾರಗಿತ್ತಿಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಅಲ್ಲಿ ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಮಗು ಸುಧಾರಿಸಿತು. ಹಳೆಯ ಮಾದರಿಯ ರಕ್ತ ಪರೀಕ್ಷೆಯಲ್ಲಿ ಅವನಿಗೂ ಶೇಂಗಾ ಪಾಸಿಟಿವ್. ನನ್ನ ಮಗಳ ಅಂಕಿಗಿಂತ ಬಹಳ ಮೇಲೇನೂ ಅಲ್ಲ. ಎರಡೂ ಹಾಳೆ ಪಕ್ಕದಲ್ಲಿಟ್ಟರೆ ಇಬ್ಬರಿಗೂ ಒಂದೇ ಕಾಯಿಲೆ ಅನ್ನಬೇಕು. ಬಿಡಿಸಿ ನೋಡಿದಾಗ ಅವನಿಗೆ ಅರಾ ಎಚ್ 2 ಮತ್ತು 6 ಎರಡೂ ಜೋರಾಗಿದ್ದವು. ಇವು ಬೀಜ ಮೊಳಕೆಗೆ ಅಂತ ಕೂಡಿಟ್ಟುಕೊಳ್ಳುವ ಪ್ರೊಟೀನುಗಳು. ಹುರಿದರೂ ಹೋಗಲ್ಲ, ಬೇಯಿಸಿದರೂ ಹೋಗಲ್ಲ. ಅವನಿಗೆ ಶೇಂಗಾ ಅಂದರೆ ಒಂದು ಕಾಳೂ ಬೇಡ, ಚಟ್ನಿಪುಡಿಯ ಚಮಚವೂ ಬೇಡ.

ಒಂದೇ ಮನೆ, ಒಂದೇ ಕಾಳು. ಒಬ್ಬಳಿಗೆ ಧಾರಾಳ ಕೊಡಬಹುದು, ಇನ್ನೊಬ್ಬನಿಗೆ ಪ್ರಾಣದ ಪ್ರಶ್ನೆ. ನನಗೆ ಈ ಪರೀಕ್ಷೆಯ ಮೇಲೆ ನಂಬಿಕೆ ಬಂದದ್ದು ಇದನ್ನು ಕಣ್ಣಾರೆ ನೋಡಿದ್ದಕ್ಕೆ.

ಹಾಗಂತ ಎಲ್ಲರೂ ಓಡಿಹೋಗಿ ಮಾಡಿಸಿ ಅಂತ ನಾನು ಹೇಳುವುದಿಲ್ಲ. ಅಗ್ಗದ್ದಲ್ಲ ಇದು, ನಮಗೆ ಅಡಿಕೆ ಕೊಟ್ಟ ದುಡ್ಡಿನಲ್ಲಿ ಆಯಿತು. ಮತ್ತೆ, ಆ ಚಿಪ್ ಮೇಲಿನ ಚುಕ್ಕಿಗಳಲ್ಲಿ ಬರ್ಚ್, ಆಲಿವ್, ತಿಮೋತಿ ಹುಲ್ಲು ಅಂತ ಯುರೋಪಿನವೇ ಜಾಸ್ತಿ. ನಮ್ಮ ಹಾಳೆಯಲ್ಲಿ ಅಡಿಕೆ ಹಿಂಗಾರದ ಪರಾಗ ಇರಲಿಲ್ಲ, ಅಮಟೆಕಾಯಿ ಇರಲಿಲ್ಲ, ರಸ್ತೆ ಬದಿಯ ಕಾಂಗ್ರೆಸ್ ಗಿಡವೂ ಇರಲಿಲ್ಲ. ಅಕೇಶಿಯಾ ನೆಡುತೋಪಿನ ಪಕ್ಕದಲ್ಲಿ ಬದುಕುವವರು ನಾವು. ನಮ್ಮ ಗಾಳಿಯಲ್ಲಿರುವುದು ಚಿಪ್ ಮೇಲೂ ಬರಬೇಕು. ನಮ್ಮ ವಿಶ್ವವಿದ್ಯಾಲಯಗಳು ಕೈಹಾಕಬೇಕಾದ ಕೆಲಸ ಇದು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ಚೀಲದಲ್ಲಿ ಸೌತೆಕಾಯಿ ಒಯ್ದು ಚುಚ್ಚಿಸಿಕೊಳ್ಳುವುದೇ ದಾರಿ.

ಪ್ರೊಫಿಲಿನ್ ಅಂದರೆ ಯಾವಾಗಲೂ ಸೌಮ್ಯ ಅನ್ನುವುದೂ ಪೂರ್ತಿ ಸರಿಯಲ್ಲ. ಸ್ಪೇನಿನಲ್ಲಿ ಹುಲ್ಲಿನ ಪರಾಗ ವಿಪರೀತ ಇರುವ ಕಡೆ ಅದರಿಂದಲೇ ಜೋರಾದ ಪರಿಣಾಮ ಕಂಡದ್ದು ವರದಿಯಾಗಿದೆ. ಹಾಗಾಗಿ ನಮಗೆ ಡಾಕ್ಟರು ಹೇಳಿದ್ದು: ಬಾಯಿ ನವೆ ಬಂದರೆ ಅಲ್ಲಿಗೇ ನಿಲ್ಲಿಸಿ, ಉಗಿದು ಬಾಯಿ ಮುಕ್ಕಳಿಸಲಿ. ಹಸಿ ಹಣ್ಣಿನ ಜ್ಯೂಸನ್ನು ಖಾಲಿ ಹೊಟ್ಟೆಯಲ್ಲಿ ಲೋಟಗಟ್ಟಲೆ ಬೇಡ. ನವೆ ಬಾಯಿ ದಾಟಿ ಮೈಗೆ, ಉಸಿರಿಗೆ ಹೋದರೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಹುಲ್ಲಿನ ಪರಾಗಕ್ಕೆ ಇಮ್ಯುನೋಥೆರಪಿ, ಅಂದರೆ ಅಲರ್ಜಿ ತರುವುದನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ಮೈಗೆ ಒಗ್ಗಿಸುವ ಚಿಕಿತ್ಸೆ, ಕೊಡಬಹುದು ಅಂದಿದ್ದಾರೆ. ಸಿನ್ ಡಿ 1 ಪಾಸಿಟಿವ್ ಇರುವುದರಿಂದ ಸೀನಿಗೆ ಅದು ಫಲ ಕೊಡುವ ಸಾಧ್ಯತೆ ಇದೆ, ಸೌತೆಕಾಯಿಯ ನವೆ ಹೋಗುತ್ತದೆ ಅಂತ ಮಾತು ಕೊಡಲ್ಲ ಅಂತಲೂ ಅಂದರು. ಯೋಚಿಸುತ್ತಿದ್ದೇವೆ.

ಅತ್ತೆಗೆ ಇಂಗ್ಲಿಷ್ ಹಾಳೆ ಬೇಡ. "ನಂಗೆ ಅರ್ಥ ಆಗೋ ಹಾಗೆ ಬರ್ದು ಕೊಡು" ಅಂದರು. ಹಳೆ ಕ್ಯಾಲೆಂಡರಿನ ಹಿಂಬದಿಗೆ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಪುಟ್ಟಿಗೆ: ಹಸಿ ಸೌತೆ, ಬಾಳೆಹಣ್ಣು, ಕರಬೂಜ, ಹಸಿ ಟೊಮೇಟೊ ಬೇಡ. ಬೇಯಿಸಿದರೆ ಎಲ್ಲವೂ ಸರಿ. ಅನ್ನ, ಶೇಂಗಾ ಸರಿ. ತಮ್ಮನಿಗೆ: ಶೇಂಗಾ ಯಾವ ರೂಪದಲ್ಲೂ ಬೇಡ. ಸೌತೆಕಾಯಿ ಧಾರಾಳ. ಕೆಳಗೆ ಅತ್ತೆ ತಾವೇ ಒಂದು ಸಾಲು ಸೇರಿಸಿದ್ದಾರೆ: ಶೇಂಗಾ ಒರಳು ಬೇರೆ.

ಕಳೆದ ಭೂಮಿ ಹುಣ್ಣಿಮೆಗೆ ಮಗಳು ಮಾಸ್ಕ್ ಹಾಕಿಕೊಂಡು, ಬೆಳಿಗ್ಗೆ ಮಾತ್ರೆ ನುಂಗಿ ಗದ್ದೆಗೆ ಬಂದಳು. ಬದುವಿನ ಮೇಲೆ ಕೂರದೆ ತೋಟದ ನೆರಳಿನಲ್ಲಿ ಕೂತಳು. ಎರಡು ಸಲ ಸೀನಿದಳು. ಕೋಸಂಬರಿ ಎಲ್ಲರಿಗೂ ಇತ್ತು, ಅವಳಿಗೆ ಮಾತ್ರ ಅತ್ತೆ ಸೌತೆ ಹಾಕದೆ ಬೇರೆ ತೆಗೆದಿಟ್ಟಿದ್ದರು. ಅವತ್ತು ಮನೆಯಿಂದ ಹೊರಡುವಾಗ ಬುಟ್ಟಿ ತಲೆಗೆ ಏರಿಸಿಕೊಳ್ಳುವ ಮೊದಲು ಅವರು ನನ್ನ ವಾರಗಿತ್ತಿಯನ್ನು ಕೂಗಿ ಕೇಳಿದರು, "ಮಾಣಿ ಡಬ್ಬಿ ತಗೊಂಡ್ಯೇನೇ?" ಅಡ್ರಿನಲಿನ್ ಆಂಪೂಲ್, ಸಿರಿಂಜು, ಡಾಕ್ಟರು ಬರೆದುಕೊಟ್ಟ ಅಳತೆಯ ಚೀಟಿ ಇರುವ ಪುಟ್ಟ ಸ್ಟೀಲ್ ಡಬ್ಬಿ. ಅವಳು ಸೆರಗಿನ ಗಂಟು ಮುಟ್ಟಿ ತೋರಿಸಿದಳು. ಆಮೇಲೆ ದೊಂದಿ ಹಚ್ಚಿಕೊಂಡು ಗದ್ದೆ ಕಡೆ ಇಳಿದೆವು.